ಬುಧವಾರದ ರೇಷ್ಮೆ

ಮೊನ್ನೆ ಬುಧವಾರ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸೊಬ್ಬರು ನನ್ನ ತೋಳಿನ ಕಡೆ ಎರಡು ಮೂರು ಸಲ ನೋಡಿದರು. ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟರು, "ಫಂಕ್ಷನ್ನಿಗೆ ಹೊರಟಿದ್ದೀರಾ?" ಇಲ್ಲ, ಆಫೀಸಿಗೆ ಅಂದೆ. "ಮತ್ತೆ ರೇಷ್ಮೆ ಹಾಕ್ಕೊಂಡಿದ್ದೀರಲ್ಲ!" ಅಂದರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ನಾನು ಏನಾದರೂ ಹೇಳುವ ಮೊದಲೇ ಅವರ ಸ್ಟಾಪ್ ಬಂತು. ಟಾಟಾ ಸಿಲ್ಕ್ ಫಾರಂ. ಚೀಲ ಎತ್ತಿಕೊಂಡು ಇಳಿದುಹೋದರು.

1896ರಲ್ಲಿ ಜಮ್ಷೆಡ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ರೇಷ್ಮೆ ಹುಳ ಸಾಕಿಸಿದ ಜಾಗ ಅದು. ಈಗ ಅಲ್ಲಿ ಹೆಸರು ಮಾತ್ರ ಉಳಿದಿದೆ. ಬಸ್ಸು ಮುಂದೆ ಹೋದ ಮೇಲೂ ಅವರ ಮಾತು ಮನಸ್ಸಿನಲ್ಲೇ ಉಳಿಯಿತು. ಯಾಕಂದರೆ ಆ ಪ್ರಶ್ನೆ ನನಗೆ ಹೊಸದಲ್ಲ. ಇಪ್ಪತ್ತು ವರ್ಷ ನಾನೂ ಅಮ್ಮನೂ ಇದೇ ಬಟ್ಟೆಯ ಬಗ್ಗೆ ಅದನ್ನೇ ಕೇಳಿಕೊಂಡಿದ್ದೆವು. ಯಾವ ಫಂಕ್ಷನ್ನಿಗೆ?

ನಾನು ಹಾಕಿದ್ದು ಒಂದು ಸಾದಾ ಟಾಪ್. ಮೊಣಕೈವರೆಗೆ ತೋಳು, ಗುಂಡು ಕತ್ತು, ಮುಂದೆ ನಾಲ್ಕು ಇಂಚು ಸೀಳು. ಹುಕ್ ಇಲ್ಲ, ಜಿಪ್ ಇಲ್ಲ, ಮೈಗೆ ಕೂರಿಸಲು ಮಡಚಿ ಹೊಲಿಯುವ ಟಕ್ಸ್ ಇಲ್ಲ. ತಲೆ ಮೇಲಿಂದ ಹಾಕಿಕೊಂಡರೆ ಆಯಿತು. ಬಟ್ಟೆ ಮಾತ್ರ ಡೂಪಿಯನ್ ರೇಷ್ಮೆ. ಹಾಸು, ಅಂದರೆ ಉದ್ದದ ಎಳೆ, ಹಸಿರು; ಹೊಕ್ಕು, ಅಂದರೆ ಅಡ್ಡದ ಎಳೆ, ತಾಮ್ರದ ಬಣ್ಣ. ನಿಂತಾಗ ಒಂದು ಬಣ್ಣ, ಕೈ ಎತ್ತಿದರೆ ಇನ್ನೊಂದು. ಮಾವಿನ ಚಿಗುರು ಎಲೆಯಾಗುವ ಹೊತ್ತಿನಲ್ಲಿ ನಾಲ್ಕೈದು ದಿನ ಅಂಥ ಬಣ್ಣ ಬರುತ್ತದಲ್ಲ, ಅದು.

ಬೀರುವಿನಲ್ಲಿ ಇಪ್ಪತ್ತು ವರ್ಷ

ಇದನ್ನು ಅಮ್ಮ 2004ರಲ್ಲಿ ಚಿಕ್ಕಪೇಟೆಯಲ್ಲಿ ತಗೊಂಡಿದ್ದಳು. ಎರಡೂವರೆ ಮೀಟರ್. ಏನು ಹೊಲಿಸಬೇಕು ಅಂತ ಯೋಚಿಸಿರಲಿಲ್ಲ. ಬಣ್ಣ ನೋಡಿದಳು, ಕೈಯಲ್ಲಿ ಹಿಡಿದಳು, ಬಿಡಲಾಗಲಿಲ್ಲ. "ನಿನ್ನ ಮದುವೆಗೆ ಏನಾದ್ರೂ ಆಗುತ್ತೆ" ಅಂತ ಹಳೇ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು. ನನ್ನ ಮದುವೆ ಬಂತು. ಅವಸರದಲ್ಲಿ ರೆಡಿಮೇಡ್ ತಂದೆವು. ಮಗಳ ನಾಮಕರಣ ಬಂತು. ಆಗ ನನ್ನ ಮೈ ಸರಿಯಾದ ಅಳತೆಯಲ್ಲಿಲ್ಲ ಅಂತ ಬಿಟ್ಟೆವು. ತಮ್ಮನ ಮದುವೆಗೆ ಸೀರೆಯೇ ಆಗಬೇಕು ಅಂದರು. ಹೀಗೆ ಪ್ರತಿಸಲವೂ ಆ ಬಟ್ಟೆ ಹೊರಗೆ ಬಂದು, ಎಲ್ಲರ ಕೈಗೂ ಹೋಗಿ, "ಎಷ್ಟು ಚೆನ್ನಾಗಿದೆ, ಇನ್ನೂ ಒಳ್ಳೇ ದಿನಕ್ಕೆ ಇರಲಿ" ಅನ್ನಿಸಿಕೊಂಡು ವಾಪಸ್ ಹೋಗುತ್ತಿತ್ತು. ಇದ್ದ ಮಡಿಕೆಯಲ್ಲೇ ಮಡಚಿ ಇಡುತ್ತಿದ್ದೆವು. ಈಗ ಅನ್ನಿಸುತ್ತದೆ, ಎಲ್ಲಕ್ಕಿಂತ ದೊಡ್ಡ ತಪ್ಪು ಅದೇ.

ಹೋದ ವರ್ಷ ಮಳೆಗಾಲದ ನಂತರ ಬೀರು ಖಾಲಿ ಮಾಡಿ ಬಿಸಿಲಿಗೆ ಹಾಕುವಾಗ ಅದನ್ನು ಪೂರ್ತಿ ಬಿಚ್ಚಿದೆ. ನಲವತ್ತನಾಲ್ಕು ಇಂಚು ಅಗಲದ ಬಟ್ಟೆ, ಅಂಗಡಿಯವರು ಅಗಲದಲ್ಲಿ ಎರಡಾಗಿ ಮಡಚಿ ಕೊಟ್ಟಿದ್ದು. ಆ ನಡುಮಡಿಕೆಯ ಮೇಲೆ ಒಂದು ಗೇಣುದ್ದ ಹೊಕ್ಕಿನ ಎಳೆಗಳು ತುಂಡಾಗಿದ್ದವು. ಯಾರೂ ಎಳೆದಿರಲಿಲ್ಲ, ಜಿರಳೆ ತಿಂದಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಕಡೆ ಮಡಚಿಕೊಂಡಿದ್ದಕ್ಕೆ ಪಿಸಿದು ಹೋಗಿತ್ತು. ಬೆಳಕಿಗೆ ಹಿಡಿದರೆ ಉಳಿದ ಮಡಿಕೆಯುದ್ದಕ್ಕೂ ಸವೆದ ಗೆರೆ ಕಾಣುತ್ತಿತ್ತು. ಅಮ್ಮ ಆ ಸೀಳಿನಲ್ಲಿ ಬೆರಳು ಆಡಿಸಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಅಂದಳು, "ಹಾಕ್ಕೊಂಡು ಹರಿದಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ ನೋಡು."

ಅವತ್ತೇ ನಿರ್ಧಾರ ಮಾಡಿದೆ. ಇದರಲ್ಲಿ ಲೆಹಂಗಾ ಬೇಡ, ಪಾರ್ಟಿ ಗೌನ್ ಬೇಡ. ವಾರಕ್ಕೊಂದು ಸಲ ಹಾಕುವಂಥದ್ದು ಬೇಕು.

ಎರಡು ಹುಳ, ಒಂದು ಗೂಡು

ಡೂಪಿಯನ್ ಬಟ್ಟೆ ನೀವು ಮುಟ್ಟಿರುತ್ತೀರಿ. ನುಣುಪಾಗಿ ಹೋಗುತ್ತಿದ್ದ ಬೆರಳು ಅಲ್ಲಲ್ಲಿ ತಡೆಯುತ್ತದೆ. ಒಂದು ಎಳೆ ಇದ್ದಕ್ಕಿದ್ದಂತೆ ದಪ್ಪಗಾಗಿ, ಒಂದು ಬೆರಳುದ್ದ ಹಾಗೇ ಹೋಗಿ, ಮತ್ತೆ ಸಣ್ಣಗಾಗುತ್ತದೆ. ನನ್ನ ಟಾಪಿನ ಎಡಸೊಂಟದ ಹತ್ತಿರ ಜೀರಿಗೆ ಕಾಳಿನಷ್ಟು ಒಂದು ಗಂಟಿದೆ. ಮೀಟಿಂಗಿನಲ್ಲಿ ಕೂತಾಗ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ಅಂಗಡಿಯಲ್ಲಿ ಈ ಒರಟುತನಕ್ಕೇ ಬೆಲೆ. "ಮೇಡಂ, ಟೆಕ್ಸ್ಚರ್ ನೋಡಿ" ಅಂತ ಹರಡಿ ತೋರಿಸುತ್ತಾರೆ. ಆ ಟೆಕ್ಸ್ಚರ್ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ಚಿಕ್ಕಂದಿನಲ್ಲೇ ಗೊತ್ತಿತ್ತು. ಆದರೆ ನನಗೆ ಗೊತ್ತಿರುವುದು ಅದೇ ಅಂತ ತಿಳಿದಿದ್ದು ಎಷ್ಟೋ ವರ್ಷಗಳ ನಂತರ.

ಅಮ್ಮನ ತವರು ರಾಮನಗರದ ಕಡೆ ಒಂದು ಹಳ್ಳಿ. ಅಜ್ಜಿ ಮನೆಯಲ್ಲಿ ಹುಳ ಸಾಕುತ್ತಿದ್ದರು. ಬೇಸಿಗೆ ರಜೆಗೆ ಹೋದಾಗ ನಮಗೆ ಮಲಗಲು ಜಗಲಿಯೇ ಗತಿ, ಒಳಗಿನ ದೊಡ್ಡ ಕೋಣೆ ಹುಳಕ್ಕೆ. ನಾಲ್ಕು ಜ್ವರ (ಹುಳ ಪೊರೆ ಬಿಡುವುದಕ್ಕೆ ಹಾಗೆ ಅಂತಾರೆ) ಕಳೆದು ಹುಳ ಗೂಡು ಕಟ್ಟುವಷ್ಟು ಹಣ್ಣಾದ ಮೇಲೆ ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ಸುರುಳಿಸುರುಳಿಯಾಗಿ ಪಟ್ಟಿ ನಿಲ್ಲಿಸಿರುತ್ತಾರಲ್ಲ, ಆ ಸಂದಿಯಲ್ಲಿ ಹುಳ ಗೂಡು ಕಟ್ಟುತ್ತದೆ. ಆರಡಿ ನಾಲ್ಕಡಿಯ ಒಂದು ಚಂದ್ರಿಕೆಗೆ ಸುಮಾರು ಸಾವಿರ ಹುಳ. ಅದಕ್ಕಿಂತ ಜಾಸ್ತಿ ಬಿಡಬಾರದು. ಬೆಳೆ ಚೆನ್ನಾಗಿ ಬಂದಾಗ ಸ್ವಂತ ಚಂದ್ರಿಕೆ ಸಾಲುವುದಿಲ್ಲ, ಬಾಡಿಗೆಗೆ ತರಬೇಕು. ಆ ವರ್ಷ ತಾತನ ಕೈಯಲ್ಲಿ ದುಡ್ಡಿರಲಿಲ್ಲ. ತಂದಿದ್ದು ಕಡಿಮೆ. ಹುಳಗಳನ್ನು ಇದ್ದ ಜಾಗದಲ್ಲೇ ಒತ್ತೊತ್ತಾಗಿ ಬಿಟ್ಟರು.

ಐದಾರು ದಿನದ ನಂತರ ಗೂಡು ಬಿಡಿಸುವ ಕೆಲಸ. ಅಜ್ಜಿ ಜಗಲಿ ಮೇಲೆ ಕಾಲು ಚಾಚಿ ಕೂತಿದ್ದಳು. ನನಗೆ ಒಂಬತ್ತು ವರ್ಷ ಇರಬೇಕು, ಪಕ್ಕದಲ್ಲೇ ಕೂತಿದ್ದೆ. ಅಜ್ಜಿ ಬಿಡಿಸಿದ ಗೂಡುಗಳನ್ನು ನೋಡುನೋಡುತ್ತಲೇ ಬೇರೆ ಮಾಡುತ್ತಿದ್ದಳು. ಕಲೆಯಾಗಿದ್ದು ಒಂದು ಕಡೆ, ತೆಳ್ಳಗಿದ್ದು ಒಂದು ಕಡೆ. ಕೆಲವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಮೂರನೇ ಮೊರಕ್ಕೆ ಹಾಕುತ್ತಿದ್ದಳು. ನನ್ನ ಕಿವಿಗೂ ಹಿಡಿದಳು. ಮೊದಲು ಸಾಧಾರಣ ಗೂಡು. ಒಳಗೆ ಒಂದು ಕಾಳು ಬಡಿದ ಹಾಗೆ ಟಕ್ ಅಂತ ಸದ್ದು. ಆಮೇಲೆ ಇನ್ನೊಂದು. ಅದು ಸ್ವಲ್ಪ ದೊಡ್ಡದು, ಗುಂಡಗೆ, ಗೋಡೆ ದಪ್ಪ. ಅದರೊಳಗೆ ಎರಡು ಸದ್ದು, ಒಂದರ ಹಿಂದೆ ಒಂದು, ಮಂದವಾಗಿ.

"ಇದು ಜೋಡಿ ಕಣವ್ವ" ಅಂದಳು ಅಜ್ಜಿ. "ಎರಡು ಹುಳ ಸೇರ್ಕೊಂಡು ಒಂದೇ ಗೂಡು ಕಟ್ಟವೆ. ಜಾಗ ಸಾಲ್ದಿದ್ರೆ ಹಿಂಗೇ."

"ಚೆನ್ನಾಗಿದೆಯಲ್ಲಜ್ಜಿ, ದೊಡ್ಡದಾಗಿದೆ."

"ದೊಡ್ಡದಾದ್ರೆ ಏನ್ ಬಂತು. ನೂಲು ಬರಕಿಲ್ಲ. ಮಾರ್ಕೆಟ್ಟಲ್ಲಿ ಇದನ್ನ ಕಂಡ್ರೆ ರೇಟು ಇಳಿಸ್ತಾರೆ."

ಆ ಮೊರ ಅವತ್ತು ತುಂಬಿಹೋಗಿತ್ತು. ಅಜ್ಜಿಯ ಮುಖ ನನಗೆ ಇವತ್ತಿಗೂ ನೆನಪಿದೆ. ಪ್ರತಿ ಜೋಡಿ ಗೂಡಿಗೂ ಮನಸ್ಸಿನಲ್ಲೇ ಏನೋ ಕಳೆಯುತ್ತಾ ಹೋಗುತ್ತಿದ್ದಳು.

ನೂಲು ಬರುವುದಿಲ್ಲ ಅಂದರೆ, ಸಣ್ಣ ನೂಲು ಬರುವುದಿಲ್ಲ. ಹುಳ ಗೂಡು ಕಟ್ಟುವಾಗ ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ಎಳೆ ಬಿಡುತ್ತದೆ. ಒಂದೇ ಹುಳ ಇದ್ದರೆ ಆ ಎಳೆ ತುಂಡಾಗದೆ ನೂರಾರು ಮೀಟರ್ ಬಿಚ್ಚಿಕೊಂಡು ಬರುತ್ತದೆ. ಎರಡು ಹುಳ ಒಟ್ಟಿಗೆ ಕಟ್ಟಿದರೆ ಇದರ ಎಳೆ ಅದರೊಳಗೆ, ಅದರ ಎಳೆ ಇದರೊಳಗೆ. ಬಿಸಿನೀರಿಗೆ ಹಾಕಿ ಬಿಚ್ಚುವಾಗ ಎರಡೂ ಒಟ್ಟಿಗೆ ಬರುತ್ತವೆ, ಸಿಕ್ಕಾಗುತ್ತವೆ, ತುಂಡಾಗುತ್ತವೆ. ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ನಡುವೆ ಗಂಟು. ಆ ನೂಲನ್ನು ಹೊಕ್ಕಿಗೆ ಹಾಕಿ, ಹಾಸಿನ ಎಳೆಗೆ ನುಣುಪಾದ ಸಣ್ಣ ನೂಲು ಕಟ್ಟಿ ನೇಯ್ದರೆ ಡೂಪಿಯನ್. ಹಾಗಾಗಿಯೇ ಆ ದಪ್ಪ ಗೆರೆಗಳು ಯಾವಾಗಲೂ ಬಟ್ಟೆಯ ಅಗಲಕ್ಕೆ ಅಡ್ಡಡ್ಡ ಓಡುತ್ತವೆ. (ಇವತ್ತು ಡೂಪಿಯನ್ ಅಂತ ಮಾರುವುದೆಲ್ಲ ಜೋಡಿ ಗೂಡಿನದೇ ಆಗಿರಬೇಕು ಅಂತಿಲ್ಲ. ಪಾಲಿಯೆಸ್ಟರಿನಲ್ಲೂ ಇದೇ ಗಂಟು ತರಿಸುತ್ತಾರೆ. ಅನುಮಾನ ಬಂದರೆ ಅಂಚಿನ ಒಂದೆಳೆ ಎಳೆದು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.)

ನನ್ನನ್ನು ಕಾಡುವುದು ಇದು. ನಾವು ಅಷ್ಟು ಜೋಪಾನ ಮಾಡಿದ್ದು, ಒಳ್ಳೇ ದಿನ ಬರಲಿ ಅಂತ ಕಾದಿದ್ದು ಎಂಥ ಬಟ್ಟೆಗೆ? ಜಾಗ ಸಾಲದೆ, ಚಂದ್ರಿಕೆ ಬಾಡಿಗೆಗೆ ದುಡ್ಡು ಸಾಲದೆ ಹುಟ್ಟುವ ನೂಲಿನ ಬಟ್ಟೆಗೆ. ಅಜ್ಜಿ ಮೊರದಲ್ಲಿ ಬೇರೆ ಎತ್ತಿಟ್ಟಿದ್ದಕ್ಕೆ. ಅದರ ಚೆಲುವು ನಿಜ, ನಾನು ಒಪ್ಪುತ್ತೇನೆ. ಆದರೆ ಅದು ಶುಭಕಾರ್ಯಕ್ಕೇ ಮೀಸಲಾಗುವಂಥ ಚೆಲುವಲ್ಲ. ಇಕ್ಕಟ್ಟಿನಲ್ಲಿ ಇಬ್ಬರು ಒಟ್ಟಿಗೆ ಬದುಕಿದ ಗುರುತು ಅದರಲ್ಲಿದೆ. ದಿನನಿತ್ಯದ ಬದುಕಿಗೆ ಇದಕ್ಕಿಂತ ಹತ್ತಿರದ ಬಟ್ಟೆ ಯಾವುದಿದೆ?

ಅಜ್ಜಿ ನಲವತ್ತು ವರ್ಷಕ್ಕೂ ಮೇಲೆ ಹುಳ ಸಾಕಿದಳು. ಅವಳ ಹತ್ತಿರ ಇದ್ದಿದ್ದು ಒಂದೇ ರೇಷ್ಮೆ ಸೀರೆ, ನೇರಳೆ ಬಣ್ಣದ್ದು. ಅಮ್ಮನ ಮದುವೆಗೆ ಉಟ್ಟಿದ್ದಳು, ಮಾವನ ಮದುವೆಗೆ ಉಟ್ಟಿದ್ದಳು, ಹೊಸ ಮನೆ ಒಕ್ಕಲಿಗೆ ಉಟ್ಟಿದ್ದಳು. ನಾಲ್ಕನೇ ಸಲ ನಾವೇ ಉಡಿಸಿದೆವು.

ಬಕೆಟ್ಟು ಮತ್ತು ಕತ್ತರಿ

ದಿನಾ ಹಾಕುವ ಬಟ್ಟೆ ಅಂದರೆ ಮನೆಯಲ್ಲೇ ಒಗೆಯುವಂತಿರಬೇಕು. ಹೊಲಿದ ಮೇಲೆ ಒಗೆದು ಅದು ಕುಗ್ಗಿದರೆ ಕಷ್ಟ. ಹಾಗಾಗಿ ಕತ್ತರಿಸುವ ಮೊದಲೇ ನೀರಿಗೆ ಹಾಕಬೇಕು. ಹೇಳುವುದು ಸುಲಭ. ಇಪ್ಪತ್ತು ವರ್ಷ ಒಂದು ಹನಿ ನೀರು ಬೀಳದಂತೆ ಕಾದ ರೇಷ್ಮೆಯನ್ನು ಬಕೆಟ್ಟಿನ ಮುಂದೆ ಹಿಡಿದು ನಿಂತಾಗ ಕೈ ಬರಲಿಲ್ಲ. ನೀರು ತಾಗಿದರೆ ಡೂಪಿಯನ್ನಿನ ಗರಿಗರಿ ಕಡಿಮೆಯಾಗುತ್ತದೆ, ಹೊಳಪು ಒಂದು ಮಟ್ಟ ಇಳಿಯುತ್ತದೆ. ಮತ್ತೆ ಹಿಂದಿನಂತಾಗುವುದಿಲ್ಲ. ಅಮ್ಮ ಬಚ್ಚಲುಮನೆ ಬಾಗಿಲಲ್ಲಿ ನಿಂತಿದ್ದಳು. "ಹಾಕು" ಅಂದಳು. ಹಾಕಿದೆ.

ಮೊದಲು ತಾಮ್ರದ ಬಣ್ಣ ಸ್ವಲ್ಪ ಬಿಟ್ಟಿತು, ಎರಡನೇ ನೀರಿಗೆ ನಿಂತಿತು. ಆಮೇಲೆ ವಾಸನೆ. ಒದ್ದೆ ರೇಷ್ಮೆಗೆ ಅದರದ್ದೇ ಒಂದು ವಾಸನೆ ಇದೆ, ತುಂಬಾ ಸಣ್ಣದು. ರಾಮನಗರದಲ್ಲಿ ನೂಲು ಬಿಚ್ಚುವ ಮನೆಗಳ ಮುಂದೆ ಹಾದುಹೋದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಬೇಯುವ ಆ ಕಟುವಾದ ವಾಸನೆಯ ಒಂದು ಎಳೆ ಇದರಲ್ಲೂ ಉಳಿದಿತ್ತು. ಇಷ್ಟು ವರ್ಷ ನುಸಿಗುಳಿಗೆಯ ವಾಸನೆಯ ಕೆಳಗೆ ಅದು ಸುಮ್ನೆ ಕೂತಿತ್ತು. ಅಮ್ಮ ಬಗ್ಗಿ ಮೂಸಿ, "ನಮ್ಮೂರಿನ ವಾಸನೆ" ಅಂದಳು.

ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ತೇವ ಇರುವಾಗಲೇ ಉಲ್ಟಾ ಮಾಡಿ ಇಸ್ತ್ರಿ ಹಾಕಿದೆ. ಒಣಗಿ ಗರಿಗರಿ ಇಳಿದ ಬಟ್ಟೆ ಮೈಮೇಲೆ ಕೂರುವಂತೆ ಮೆತ್ತಗಾಗಿತ್ತು. ಹೊಳಪು ಕಡಿಮೆಯಾಗಿತ್ತು, ಗಂಟುಗಳು ಇನ್ನೂ ಎದ್ದು ಕಾಣುತ್ತಿದ್ದವು. ನನಗೆ ಮೊದಲಿಗಿಂತ ಇಷ್ಟವಾಯಿತು.

ಈಗ ಕತ್ತರಿ. ಡೂಪಿಯನ್ನಿನಲ್ಲಿ ಬಿಗಿಯಾದ ಬಟ್ಟೆ ಹೊಲಿಸಬಾರದು ಅನ್ನುವುದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಕೆಲವು ವರ್ಷದ ಹಿಂದೆ ಒಬ್ಬ ಟೇಲರ್ ಹತ್ತಿರ ಬೇರೆ ಡೂಪಿಯನ್ನಿನಲ್ಲಿ ಬ್ಲೌಸ್ ಹೊಲಿಸಿದ್ದೆ. ಲೈನಿಂಗ್ ಹಾಕದೆ, ಮೈಗಂಟುವಂತೆ ಹೊಲಿದಿದ್ದರು. ಒಂದೇ ಸಲ ಹಾಕಿದ್ದು. ಬೆನ್ನಿನ ಕಡೆ ಹೊಲಿಗೆಯೇನೋ ಗಟ್ಟಿಯಾಗಿತ್ತು, ಅದರ ಪಕ್ಕದ ಬಟ್ಟೆಯ ಎಳೆಗಳೇ ಸರಿದು ಬಾಚಣಿಗೆಯ ಹಲ್ಲಿನ ಹಾಗೆ ಸಂದಿ ಬಿಟ್ಟಿದ್ದವು. ನುಣುಪಾದ ಹಾಸಿನ ಮೇಲೆ ದಪ್ಪ ಹೊಕ್ಕು ಜಾರುತ್ತದೆ. ಎಳೆತ ಬಿದ್ದ ಕಡೆ ಬಾಯಿ ಬಿಡುತ್ತದೆ. ಹಾಗಾಗಿ ಈ ಸಲ ಎದೆಯ ಸುತ್ತಳತೆಗಿಂತ ಐದು ಇಂಚು ಜಾಸ್ತಿ ಇಟ್ಟೆ. ಟಕ್ಸ್ ಹಾಕಲಿಲ್ಲ. ಟಕ್ಸ್ ಹಾಕಿದರೆ ಆ ಅಡ್ಡಗೆರೆಗಳು ಮುರಿಯುತ್ತವೆ, ಬಟ್ಟೆ ನೇಯ್ದವರ ಕೆಲಸದ ಮೇಲೆ ನಾವು ಗೀಚಿದ ಹಾಗಾಗುತ್ತದೆ. ಇಂಥ ಬಟ್ಟೆಗೆ ಡಿಸೈನ್ ಕಡಿಮೆಯಾದಷ್ಟೂ ಚೆಂದ. ಕಸೂತಿ, ಲೇಸು, ಪೈಪಿಂಗ್ ಎಲ್ಲ ಅದಕ್ಕೆ ಹೊರೆ.

ನಡುಮಡಿಕೆ ಮಾತ್ರ ದೊಡ್ಡ ತಲೆನೋವಾಯಿತು. ಮಡಿಕೆಯ ಒಂದೊಂದು ಬದಿಗೆ ಇಪ್ಪತ್ತೆರಡು ಇಂಚು ಬಟ್ಟೆ. ಮುಂಭಾಗಕ್ಕೆ ಮಾರ್ಜಿನ್ ಸೇರಿ ಇಪ್ಪತ್ಮೂರು ಬೇಕು, ಹಿಂಭಾಗಕ್ಕೂ ಅಷ್ಟೇ. ಒಂದೇ ಒಂದು ಇಂಚು ಸಾಲದು. ಸವೆದ ಗೆರೆಯನ್ನು ಸೇರಿಸಿಕೊಂಡರೆ ನಾಳೆ ಅಲ್ಲೇ ಹರಿಯುತ್ತದೆ. ಬಿಗಿ ಮಾಡಿದರೆ ಹೊಲಿಗೆಯ ಪಕ್ಕ ಬಿಡುತ್ತದೆ. ಎರಡು ರಾತ್ರಿ ಪೇಪರ್ ತುಂಡುಗಳನ್ನು ಬಟ್ಟೆಯ ಮೇಲೆ ಆಚೀಚೆ ಸರಿಸುತ್ತಾ ಕೂತೆ. ಕೊನೆಗೆ ಮಡಿಕೆಯ ಪಟ್ಟಿಯನ್ನು ಪೂರ್ತಿ ಕತ್ತರಿಸಿ ತೆಗೆದೆ. ಮುಂದೆಯೂ ಹಿಂದೆಯೂ ಎರಡೆರಡು ತುಂಡು, ನಟ್ಟನಡುವೆ ಕತ್ತಿನಿಂದ ಕೆಳಗಿನವರೆಗೆ ಒಂದೊಂದು ಹೊಲಿಗೆ. ಮುಂದಿನ ಹೊಲಿಗೆಯನ್ನು ಮೇಲೆ ನಾಲ್ಕು ಇಂಚು ಬಿಟ್ಟಿದ್ದೇ ಕತ್ತಿನ ಸೀಳಾಯಿತು. ತೋಳನ್ನು ಅಡ್ಡ ತಿರುಗಿಸಿ ಕತ್ತರಿಸಿದ್ದರೆ ಬಟ್ಟೆ ಇನ್ನೂ ಉಳಿಯುತ್ತಿತ್ತು. ಆದರೆ ಎರಡು ಬಣ್ಣದ ನೇಯ್ಗೆಯಲ್ಲಿ ದಿಕ್ಕು ಬದಲಾದರೆ ತೋಳು ಬೇರೆ ಬಟ್ಟೆಯದ್ದೇನೋ ಅನ್ನಿಸುತ್ತದೆ. ಎಲ್ಲ ತುಂಡೂ ಒಂದೇ ದಿಕ್ಕಿಗೆ ಇಟ್ಟೆ.

ಹೊಲಿಗೆ ಅಮ್ಮನ ಹಳೇ ಕಾಲುಮೆಷಿನ್ನಿನಲ್ಲಿ. ಹನ್ನೊಂದನೇ ನಂಬರಿನ ಹೊಸ ಸೂಜಿ, ಸಣ್ಣ ಹೊಲಿಗೆ. ಪಿನ್ನು ಚುಚ್ಚಿದ್ದೆಲ್ಲ ಮಾರ್ಜಿನ್ನಿನ ಒಳಗೇ, ಯಾಕಂದರೆ ರೇಷ್ಮೆಯ ಮೇಲೆ ತೂತಿನ ಗುರುತು ಹೋಗುವುದಿಲ್ಲ. ಡೂಪಿಯನ್ನಿನ ಅಂಚು ಕತ್ತರಿಸಿದ ಗಳಿಗೆಯಿಂದಲೇ ಎಳೆ ಬಿಡತೊಡಗುತ್ತದೆ. ಮೇಜು, ಸೀರೆ, ಬೆಕ್ಕಿನ ಬಾಲ ಎಲ್ಲದರ ಮೇಲೂ ತಾಮ್ರದ ಎಳೆಗಳು. ಅದಕ್ಕೆ ಪಕ್ಕದ ಹೊಲಿಗೆಗಳನ್ನು ಎರಡು ಸಲ ಹೊಲಿದೆ. ಮೊದಲು ಒಳಮುಖಗಳನ್ನು ಸೇರಿಸಿ ಹೊರಗಡೆಯಿಂದ ಒಂದು ಹೊಲಿಗೆ. ಅಂಚನ್ನು ಸಣ್ಣಗೆ ಕತ್ತರಿಸಿ, ತಿರುಗಿಸಿ, ಒಳಗಿನಿಂದ ಇನ್ನೊಂದು. ಹರಿದ ಅಂಚು ನಡುವೆ ಮುಚ್ಚಿಹೋಗುತ್ತದೆ. ನಡುಹೊಲಿಗೆಯ ಅಂಚುಗಳನ್ನು ಬಿಡಿಸಿ ಒಳಕ್ಕೆ ಮಡಚಿದೆ. ಕತ್ತಿಗೆ ಅದೇ ಬಟ್ಟೆಯ ಕ್ರಾಸ್ ಪಟ್ಟಿ.

ನಡುಹೊಲಿಗೆ ಮುಗಿಸಿ ಬೆಳಕಿಗೆ ಹಿಡಿದಾಗ ಒಂದು ಕಂಡಿತು. ಎಡಗಡೆಯಿಂದ ಬಂದ ದಪ್ಪ ಗೆರೆ ಹೊಲಿಗೆಗೆ ಬಂದು ನಿಲ್ಲುತ್ತದೆ. ಬಲಗಡೆ ಬೇರೆ ಗೆರೆ ಬೇರೆ ಎತ್ತರದಲ್ಲಿ ಶುರುವಾಗುತ್ತದೆ. ಎಲ್ಲೂ ಕೂಡುವುದಿಲ್ಲ. ಹತ್ತಿರ ನಿಂತವರಿಗೆ ಅಲ್ಲಿ ಏನೋ ಆಗಿತ್ತು ಅಂತ ಗೊತ್ತಾಗುತ್ತದೆ. ಅದನ್ನು ಮುಚ್ಚಲು ಗುಂಡಿ ಪಟ್ಟಿ ಹಾಕಬಹುದಿತ್ತು. ಹಾಕಲಿಲ್ಲ.

ಕಲೆ

ಈಗ ಎಂಟು ತಿಂಗಳಾಯಿತು. ವಾರಕ್ಕೊಂದು ಸಲ, ಹೆಚ್ಚಾಗಿ ಬುಧವಾರ, ಹಾಕುತ್ತೇನೆ. ಅಂಟುವಾಳ ನೆನೆಸಿದ ನೀರಲ್ಲಿ ಒಗೆಯುತ್ತೇನೆ. ಬೇಸಿಗೆಯಲ್ಲಿ ಕಂಕುಳ ಹತ್ತಿರ ಬೆವರಿನ ಗುರುತು ನಿಲ್ಲದಿರಲಿ ಅಂತ ಒಳಗೆ ಮಲ್‌ಮಲ್ ತುಂಡು ಕೈಹೊಲಿಗೆ ಹಾಕಿಕೊಂಡೆ. ಮೊಣಕೈ ಹತ್ತಿರ ಸುಕ್ಕು ಖಾಯಂ ಆಗಿದೆ. ನನ್ನ ಕೈ ಎಲ್ಲಿ ಮಡಚುತ್ತದೆ ಅಂತ ಬಟ್ಟೆಗೆ ಗೊತ್ತಾಗಿದೆ. ಒಳ್ಳೇ ಬಟ್ಟೆ ಹಾಕಿಕೊಂಡ ದಿನ ಬೆನ್ನು ನೆಟ್ಟಗಾಗುತ್ತದೆ ಅಂತಾರಲ್ಲ, ಮೊದಲೆರಡು ವಾರ ಹಾಗೇ ಇತ್ತು. ಈಗ ಅದೂ ಹೋಗಿ ಆರಾಮಾಗಿದೆ.

ಹೋದ ತಿಂಗಳು ಊಟದ ಹೊತ್ತಿಗೆ ತೋಳಿನ ತುದಿಗೆ ಸಾರು ಬಿತ್ತು. ಅರಿಶಿನದ ಕಲೆ, ನಾಲ್ಕಾಣೆಯಷ್ಟು. ಮನೆಗೆ ಬಂದು ಅಮ್ಮನಿಗೆ ತೋರಿಸಲು ಹಿಂಜರಿದೆ. ಅವಳೇ ನೋಡಿದಳು. ಕೈ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆಯನ್ನು ಉಜ್ಜಿ ನೋಡಿದಳು. ಥೇಟ್ ಅಜ್ಜಿ ಗೂಡು ನೋಡುವ ಹಾಗೆ. "ಬಿಸಿಲಿಗೆ ಸ್ವಲ್ಪ ಹೊತ್ತು ಇಡು, ಅರಿಶಿನ ಬಿಸಿಲಿಗೆ ಹೋಗುತ್ತೆ. ಪೂರ್ತಿ ಹೋಗದಿದ್ರೆ ಬಿಡು" ಅಂದಳು.

ಆಮೇಲೆ ಒಳಗೆ ಹೋಗಿ, ಉಳಿದಿದ್ದ ಮುಕ್ಕಾಲು ಮೀಟರಿನಷ್ಟು ತುಂಡನ್ನು ತಂದು ಮೆಷಿನ್ನಿನ ಮೇಲಿಟ್ಟಳು. ಜೊತೆಗೆ ತನ್ನ ಹಳೇ ಅಳತೆ ಬ್ಲೌಸ್.

"ಮನೇಲಿ ಉಡೋ ಕಾಟನ್ ಸೀರೆಗೆ" ಅಂದಳು. "ಬೆನ್ನಲ್ಲಿ ಜಾಯಿಂಟ್ ಬಂದ್ರೂ ಪರವಾಗಿಲ್ಲ. ಲೂಸಾಗಿ ಹೊಲಿ."